ಹಿಮದ ನಾಡಿನ ಟ್ರಾನ್ಸ್‌ಫಾರ್ಮರ್‌ಗೆ ತಾಮ್ರದ ಸುರುಳಿಯೋ, ಅಲ್ಯೂಮಿನಿಯಂ ಸುರುಳಿಯೋ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಸದ್ಯ ಲಡಾಖಿನ ಲೇಹ್ ಬಳಿ ಒಂದು ವಸತಿ ಸಂಕೀರ್ಣದ ವಿದ್ಯುತ್ ಕಾಮಗಾರಿಯ ಹೊಣೆ ಹೊತ್ತಿದ್ದೇನೆ. ಬಯಲಿನಲ್ಲಿ ಕೂರಿಸಬೇಕಾದ 11 ಕಿಲೋವೋಲ್ಟ್/433 ವೋಲ್ಟ್, 250 ಕೆವಿಎ ಟ್ರಾನ್ಸ್‌ಫಾರ್ಮರ್‌ಗೆ ಎರಡು ದರಪಟ್ಟಿಗಳು ಬಂದಿವೆ. ಒಂದರಲ್ಲಿ ತಾಮ್ರದ ಸುರುಳಿ, ಇನ್ನೊಂದರಲ್ಲಿ ಅಲ್ಯೂಮಿನಿಯಂ ಸುರುಳಿ. ಎರಡನೆಯದು ಅಗ್ಗ. ಆದರೆ ಅಲ್ಯೂಮಿನಿಯಂ ಕೊರೆಯುವ ಚಳಿಯಲ್ಲಿ ಪೆಡಸಾಗಿ ಮುರಿಯುತ್ತದೆ ಎಂದು ಜೊತೆಯವರು ಎಚ್ಚರಿಸುತ್ತಿದ್ದಾರೆ. ಇದು ನಿಜವೇ? ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮೊದಲು ಆ ಹೆದರಿಕೆಯನ್ನು ಪಕ್ಕಕ್ಕಿಡೋಣ. ಅಲ್ಯೂಮಿನಿಯಂ ಚಳಿಗೆ ಪೆಡಸಾಗುವುದಿಲ್ಲ, ತಾಮ್ರವೂ ಆಗುವುದಿಲ್ಲ. ಈ ಎರಡೂ ಲೋಹಗಳಲ್ಲಿ ಪರಮಾಣುಗಳ ಜೋಡಣೆ ಎಂಥದೆಂದರೆ, ಉಷ್ಣತೆ ಎಷ್ಟೇ ಇಳಿದರೂ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವ ಗುಣವನ್ನು ಉಳಿಸಿಕೊಂಡಿರುತ್ತವೆ, ಹೀಗಾಗಿ ಲೋಹ ಬಾಗುತ್ತದೆಯೇ ಹೊರತು ಫಟ್ಟನೆ ಸೀಳುವುದಿಲ್ಲ. ಮೈನಸ್ 162 ಡಿಗ್ರಿಯಲ್ಲಿ ದ್ರವವಾಗಿರುವ ನೈಸರ್ಗಿಕ ಅನಿಲವನ್ನು ಸಾಗಿಸುವ ಹಡಗುಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ತೊಟ್ಟಿಗಳನ್ನು ಬಳಸುತ್ತಾರೆ; ಲೇಹ್‌ನ ಚಳಿ ಅದರ ಮುಂದೆ ಏನೂ ಅಲ್ಲ. ಚಳಿಗೆ ಪೆಡಸಾಗುವ ಲೋಹ ನಿಮ್ಮ ಟ್ರಾನ್ಸ್‌ಫಾರ್ಮರ್‌ನಲ್ಲಿ ಇದೆ, ಆದರೆ ಅದು ಇರುವುದು ಸುರುಳಿಯಲ್ಲಲ್ಲ, ಹೊರಗಿನ ಟ್ಯಾಂಕಿನಲ್ಲಿ. ಸಾಮಾನ್ಯ ಇಂಗಾಲದ ಉಕ್ಕು ಒಂದು ಮಟ್ಟಕ್ಕಿಂತ ತಣ್ಣಗಾದಾಗ ಪೆಟ್ಟು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಎತ್ತುವ ಕೊಂಡಿಗಳಿಗೂ ಟ್ಯಾಂಕಿನ ತಳಕ್ಕೂ ತಗ್ಗಿನ ಉಷ್ಣತೆಯಲ್ಲಿ ಆಘಾತ ಪರೀಕ್ಷೆಗೆ ಒಳಪಟ್ಟ ಉಕ್ಕನ್ನೇ ಬಳಸಬೇಕೆಂದು ಬರೆದು ಕೇಳಿ. ಸುರುಳಿಯ ಬಗ್ಗೆ ನಡೆಯುವ ಚರ್ಚೆಯ ಒಂದು ಪಾಲು ಟ್ಯಾಂಕಿನ ಬಗ್ಗೆ ನಡೆದಿದ್ದರೆ ಒಳ್ಳೆಯದಿತ್ತು.

ಇನ್ನು ವಾಹಕತೆಯ ಮಾತು. 20 ಡಿಗ್ರಿಯಲ್ಲಿ ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ 0.01724 ಓಮ್, ಅದೇ ಅಳತೆಯ ವಿದ್ಯುತ್ ದರ್ಜೆಯ ಅಲ್ಯೂಮಿನಿಯಂನದು ಸುಮಾರು 0.0283 ಓಮ್. ಅಂದರೆ ಸಮಾನ ನಷ್ಟಕ್ಕೆ ಅಲ್ಯೂಮಿನಿಯಂ ವಾಹಕದ ಗಾತ್ರ 1.64 ಪಟ್ಟು ಇರಬೇಕು. ನಿಮ್ಮ 250 ಕೆವಿಎ ಘಟಕದಲ್ಲಿ ಕೆಳ ವೋಲ್ಟೇಜ್ ಕಡೆ ಹರಿಯುವ ವಿದ್ಯುತ್ 333 ಆಂಪಿಯರ್. ತಯಾರಕರು ತಾಮ್ರಕ್ಕೆ 128 ಚದರ ಮಿಲಿಮೀಟರ್ ಲೆಕ್ಕ ಹಿಡಿದಿದ್ದರೆ, ಅಲ್ಯೂಮಿನಿಯಂಗೆ 210ರಷ್ಟು ಹಿಡಿಯಬೇಕು. ಇಷ್ಟು ದಪ್ಪವಾದರೂ ಅಲ್ಯೂಮಿನಿಯಂ ಹಗುರ ಲೋಹವಾದ್ದರಿಂದ ತೂಕ ತಾಮ್ರದ ಅರ್ಧವಷ್ಟೇ ಆಗುತ್ತದೆ. ಆದರೆ ಸುರುಳಿ ಉಬ್ಬಿದಂತೆ ಕಬ್ಬಿಣದ ತಿರುಳಿನ ಕಿಂಡಿ ದೊಡ್ಡದಾಗುತ್ತದೆ, ಟ್ಯಾಂಕೂ ಎಣ್ಣೆಯೂ ಹೆಚ್ಚುತ್ತವೆ. ಒಟ್ಟು ತೂಕದಲ್ಲಿ ನೀವು ಎಣಿಸಿದಷ್ಟು ಉಳಿತಾಯ ಕಾಣುವುದಿಲ್ಲ. ಜೋಜಿಲಾ ದಾಟಿ ಲಾರಿಯಲ್ಲಿ ಸಾಗಿಸಬೇಕಾದ ಸರಕಿಗೆ ಇದು ಮುಖ್ಯ, ಆದ್ದರಿಂದ ಎರಡೂ ದರಪಟ್ಟಿಗಳಲ್ಲಿ ವಾಹಕದ ತೂಕದ ಜೊತೆ ಒಟ್ಟು ತೂಕವನ್ನೂ ಎಣ್ಣೆಯ ಪ್ರಮಾಣವನ್ನೂ ಹೋಲಿಸಿ ನೋಡಿ.

ಚಳಿ ಈ ಲೆಕ್ಕವನ್ನು ಬದಲಿಸುತ್ತದೆಯೇ? ಬದಲಿಸುತ್ತದೆ, ಆದರೆ ಇಬ್ಬರಿಗೂ ಒಂದೇ ಬಗೆಯಲ್ಲಿ. ಕಾರ್ಖಾನೆಯವರು ಖಾತರಿ ಕೊಡುವ ಭಾರನಷ್ಟ ಸುರುಳಿ 75 ಡಿಗ್ರಿಯಲ್ಲಿದೆ ಎಂಬ ಲೆಕ್ಕದ್ದು. ಲೇಹ್‌ನ ಜನವರಿಯಲ್ಲಿ ನಿಮ್ಮ ಸುರುಳಿಯ ಸರಾಸರಿ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಅಷ್ಟೇ ಭಾರಕ್ಕೆ ತಾಮ್ರದ ನಷ್ಟ ಶೇಕಡಾ 18ರಷ್ಟು ಇಳಿಯುತ್ತದೆ. ಅಲ್ಯೂಮಿನಿಯಂನದೂ ಶೇಕಡಾ 18ರಷ್ಟೇ ಇಳಿಯುತ್ತದೆ. ಇಬ್ಬರಲ್ಲಿ ಯಾರನ್ನು ಆರಿಸಬೇಕೆಂಬ ಪ್ರಶ್ನೆಗೆ ಚಳಿಯಿಂದ ಇಲ್ಲಿ ಉತ್ತರ ಸಿಗುವುದಿಲ್ಲ.

ಹೆಚ್ಚಿನವರು ಗಮನಿಸದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಂದು ಕಿಲೋ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗಲು ಸುಮಾರು 900 ಜೂಲ್ ಶಾಖ ಬೇಕು, ತಾಮ್ರಕ್ಕೆ 385 ಸಾಕು. ಸಮಾನ ರೋಧದ ಸುರುಳಿಗಳನ್ನು ತೆಗೆದುಕೊಂಡರೆ ಅಲ್ಯೂಮಿನಿಯಂನ ತೂಕ ಅರ್ಧವಾದರೂ ಅದು ಹಿಡಿದಿಟ್ಟುಕೊಳ್ಳುವ ಶಾಖ ತಾಮ್ರದ್ದಕ್ಕಿಂತ ಶೇಕಡಾ 16ರಷ್ಟು ಹೆಚ್ಚು. ಗಂಟೆಗಟ್ಟಲೆ ಕರೆಂಟ್ ಹೋಗಿ ಬಂದಾಗ ಎಲ್ಲ ಮನೆಗಳ ಹೀಟರ್‌ಗಳೂ ಗೀಸರ್‌ಗಳೂ ಒಮ್ಮೆಲೇ ಹೊತ್ತಿಕೊಂಡು ಭಾರ ಎಂದಿಗಿಂತ ಬಹಳ ಏರುತ್ತದಲ್ಲ, ಆ ಮೊದಲ ನಿಮಿಷಗಳಲ್ಲಿ ಅಲ್ಯೂಮಿನಿಯಂ ಸುರುಳಿ ಸ್ವಲ್ಪ ನಿಧಾನವಾಗಿ ಬಿಸಿಯೇರುತ್ತದೆ. ದೊಡ್ಡ ಲಾಭವಲ್ಲ, ಆದರೆ ಅಲ್ಯೂಮಿನಿಯಂ ಎಲ್ಲದರಲ್ಲೂ ಹಿಂದೆ ಎಂಬ ಮಾತು ತಪ್ಪೆಂಬುದಕ್ಕೆ ಇಷ್ಟು ಸಾಕು.

ಅಲ್ಯೂಮಿನಿಯಂ ನಿಜವಾಗಿಯೂ ಹಿಂದೆ ಬೀಳುವುದು ಜೋಡಣೆಗಳಲ್ಲಿ. ನಿಮ್ಮ ನಿರ್ಧಾರ ನಿಲ್ಲಬೇಕಾದದ್ದೂ ಅಲ್ಲಿಯೇ. ಗಾಳಿ ತಾಕಿದೊಡನೆ ಅಲ್ಯೂಮಿನಿಯಂ ಮೇಲೆ ತೆಳ್ಳಗಿನ, ಗಟ್ಟಿಯಾದ, ವಿದ್ಯುತ್ ಹರಿಯಗೊಡದ ಆಕ್ಸೈಡ್ ಪೊರೆ ಕಟ್ಟುತ್ತದೆ. ಬೋಲ್ಟ್ ಬಿಗಿದು ಜೋಡಿಸಿದರೆ ಈ ಮೆತ್ತನೆಯ ಲೋಹ ಒತ್ತಡಕ್ಕೆ ನಿಧಾನವಾಗಿ ಹರಿದು ಸರಿದುಕೊಳ್ಳುತ್ತದೆ, ಬಿಗಿ ಸಡಿಲವಾಗುತ್ತದೆ. ಇದರ ಜೊತೆಗೆ ಹಿಗ್ಗುವಿಕೆಯ ತೊಡಕಿದೆ. ಪ್ರತಿ ಡಿಗ್ರಿಗೆ ಅಲ್ಯೂಮಿನಿಯಂ ಮೀಟರಿಗೆ 23 ಮೈಕ್ರೋಮೀಟರ್ ಹಿಗ್ಗಿದರೆ, ತಾಮ್ರ ಸುಮಾರು 17, ಉಕ್ಕು 12 ಹಿಗ್ಗುತ್ತವೆ. ಉಕ್ಕಿನ ಬೋಲ್ಟ್ ಮತ್ತು ಅಲ್ಯೂಮಿನಿಯಂ ಪಟ್ಟಿಯ ನಡುವಣ ಅಂತರ, ಅದೇ ಬೋಲ್ಟ್ ಮತ್ತು ತಾಮ್ರದ ಪಟ್ಟಿಯ ನಡುವಣ ಅಂತರಕ್ಕಿಂತ ಎರಡು ಪಟ್ಟು. ಕರಾವಳಿಯ ಊರಿನಲ್ಲಿ ಒಂದು ಜೋಡಣೆ ವರ್ಷವಿಡೀ 30 ಮತ್ತು 80 ಡಿಗ್ರಿಗಳ ನಡುವೆ ಓಲಾಡಿದರೆ, ಲಡಾಖಿನಲ್ಲಿ ರಾತ್ರಿ ಕರೆಂಟ್ ಇಲ್ಲದಾಗ ಮೈನಸ್ 20ಕ್ಕೆ ಇಳಿದು, ಬೆಳಗ್ಗೆ ತುಂಬು ಭಾರದಲ್ಲಿ ಮತ್ತೆ ಏರುತ್ತದೆ. ಈ ಏರಿಳಿತ ದೊಡ್ಡದಾದಷ್ಟೂ ಬೋಲ್ಟಿನ ಬಿಗಿ ಬೇಗ ಕಳೆಯುತ್ತದೆ, ರೋಧ ಹೆಚ್ಚುತ್ತದೆ, ಜೋಡಣೆ ಕಾಯುತ್ತದೆ, ಕಾದಂತೆ ಇನ್ನೂ ಸಡಿಲಾಗುತ್ತದೆ. ಚಳಿ ಅಲ್ಯೂಮಿನಿಯಂ ಮೇಲೆ ಮಾಡುವ ಹಾನಿ ಇದೇ.

ಇದಕ್ಕೆ ಪರಿಹಾರ ಇದೆ, ಮತ್ತು ಅದು ಹಳೆಯದು, ಪಳಗಿದ್ದು. ಟ್ಯಾಂಕಿನ ಒಳಗೆ ಬೋಲ್ಟ್ ಜೋಡಣೆ ಬೇಡವೇ ಬೇಡ. ಸುರುಳಿಯ ತುದಿಗಳನ್ನು ಬೆಸುಗೆ ಹಾಕಿಯೋ, ಒತ್ತಡದಿಂದ ಹಿಂಡಿಯೋ ಸೇರಿಸಿರಬೇಕು. ಅಲ್ಯೂಮಿನಿಯಂನಿಂದ ತಾಮ್ರಕ್ಕೆ ದಾಟುವ ಕಡೆ, ಎರಡೂ ಲೋಹಗಳನ್ನು ಕಾರ್ಖಾನೆಯಲ್ಲೇ ಬೆಸೆದ ತುಂಡನ್ನು ಬಳಸಿರಬೇಕು. ಹೊರಗಡೆ ಬೋಲ್ಟ್ ಅನಿವಾರ್ಯವಾದಲ್ಲಿ ತವರ ಲೇಪಿತ ಮೇಲ್ಮೈ, ಆಕ್ಸೈಡ್ ತಡೆಯುವ ಲೇಪ, ಮತ್ತು ಬಿಗಿಯನ್ನು ಹಿಡಿದಿಟ್ಟುಕೊಳ್ಳುವ ಬಟ್ಟಲಾಕಾರದ ಸ್ಪ್ರಿಂಗ್ ವಾಷರ್ ಬೇಕು. ತಾಮ್ರದ ಸುರುಳಿ ಕೊಂಡರೆ ಈ ತಲೆನೋವು ಇಲ್ಲವೆಂದು ತಿಳಿಯಬೇಡಿ. ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಬಂದು ಸೇರುವ 11 ಕಿಲೋವೋಲ್ಟ್ ಮಾರ್ಗದ ತಂತಿ ಹೇಗೂ ಅಲ್ಯೂಮಿನಿಯಂ, ಟ್ಯಾಂಕಿನ ಗೋಡೆಗೆ ತಾಗದಂತೆ ವಿದ್ಯುತ್ತನ್ನು ಒಳಗೊಯ್ಯುವ ಅವಾಹಕ ಕೊಳವೆಯ, ಅಂದರೆ ಬುಷಿಂಗ್‌ನ, ಕಡ್ಡಿ ತಾಮ್ರದ್ದೋ ಹಿತ್ತಾಳೆಯದೋ ಆಗಿರುತ್ತದೆ. ಕರಗಿದ ಹಿಮದ ನೀರು ಈ ಎರಡು ಲೋಹಗಳ ನಡುವೆ ನಿಂತರೆ ಸವೆಯುವುದು ಅಲ್ಯೂಮಿನಿಯಂ. ದ್ವಿಲೋಹದ ಕ್ಲಾಂಪ್ ಎರಡೂ ಸಂದರ್ಭಗಳಲ್ಲಿ ಬೇಕು. ತಾಮ್ರದ ಮೇಲಿಂದ ಹರಿದ ನೀರು ಅಲ್ಯೂಮಿನಿಯಂ ಮೇಲೆ ತೊಟ್ಟಿಕ್ಕದಂತೆ, ಸಾಧ್ಯವಾದಲ್ಲೆಲ್ಲ ಅಲ್ಯೂಮಿನಿಯಂ ಭಾಗ ಮೇಲಿರುವ ಹಾಗೆ ಜೋಡಿಸಲು ಲೈನ್‌ಮನ್‌ಗಳಿಗೆ ಹೇಳಿ.

ಶಾರ್ಟ್ ಸರ್ಕ್ಯೂಟ್ ತಾಳುವ ಶಕ್ತಿಯಲ್ಲಿ ತಾಮ್ರ ಮುಂದೆ, ಇದರಲ್ಲಿ ಅನುಮಾನವಿಲ್ಲ. ಶೇಕಡಾ 4.5 ಪ್ರತಿಬಾಧೆಯ (ಇಂಪಿಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಘಟಕವೇ ಒಡ್ಡುವ ತಡೆ) ಘಟಕದಲ್ಲಿ ಶಾರ್ಟ್ ಆದಾಗ ಸುಮಾರು 22 ಪಟ್ಟು ವಿದ್ಯುತ್ ಹರಿಯುತ್ತದೆ, ಸುರುಳಿಯನ್ನು ಜಗ್ಗುವ ಬಲ ಅದರ ವರ್ಗದಷ್ಟು, ಅಂದರೆ 480 ಪಟ್ಟಿಗೂ ಹೆಚ್ಚು ಏರುತ್ತದೆ. ಮೆದು ಅಲ್ಯೂಮಿನಿಯಂ ಈ ಜಗ್ಗಾಟಕ್ಕೆ ತಾಮ್ರಕ್ಕಿಂತ ಬೇಗ ಮಣಿಯುತ್ತದೆ. ಎಣ್ಣೆಯಲ್ಲಿ ಮುಳುಗಿದ ಸುರುಳಿಯು ಅಂಥ ಗಳಿಗೆಯಲ್ಲಿ ಏರಬಹುದಾದ ಉಷ್ಣತೆಗೆ ಅಂತಾರಾಷ್ಟ್ರೀಯ ಮಾನದಂಡ ತಾಮ್ರಕ್ಕೆ 250 ಡಿಗ್ರಿ, ಅಲ್ಯೂಮಿನಿಯಂಗೆ 200 ಡಿಗ್ರಿ ಮಿತಿ ಹಾಕಿದೆ. ಆದರೆ ಕೆಳ ವೋಲ್ಟೇಜ್ ಸುರುಳಿಯನ್ನು ತಂತಿಯ ಬದಲು ಅಗಲವಾದ ಅಲ್ಯೂಮಿನಿಯಂ ಹಾಳೆಯಿಂದ ಸುತ್ತಿದರೆ, ಮೇಲೆ ಕೆಳಗೆ ತಳ್ಳುವ ಬಲಗಳು ಬಹುಮಟ್ಟಿಗೆ ತಗ್ಗುತ್ತವೆ. ಒಳ್ಳೆಯ ತಯಾರಕರು ಹೀಗೆಯೇ ಮಾಡುತ್ತಾರೆ. ಅದೇ ವಿನ್ಯಾಸದ ಘಟಕ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯದಲ್ಲಿ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯನ್ನು ದಾಟಿದೆಯೇ ಎಂದು ವರದಿ ಕೇಳಿ. ಆ ವರದಿ ಇದ್ದರೆ ಲೋಹದ ಹೆಸರು ನೋಡಿ ಅನುಮಾನಪಡಬೇಕಾಗಿಲ್ಲ.

ಈಗ ಎಣ್ಣೆ. ಚಳಿಯ ನಾಡಿನಲ್ಲಿ ಸುರುಳಿ ಉಳಿಯುವುದೋ ಸುಡುವುದೋ ಎಂಬುದನ್ನು ಲೋಹಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಎಣ್ಣೆ, ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಲ್ಲಿ 12 ಸೆಂಟಿಸ್ಟೋಕ್‌ಗಿಂತ ಹೆಚ್ಚಿರಬಾರದು ಎನ್ನುವ ಮಾನದಂಡವೇ, ಮೈನಸ್ 30 ಡಿಗ್ರಿಯಲ್ಲಿ ಅದು 1,800ರವರೆಗೆ ಹೋಗಬಹುದು ಎಂದು ಒಪ್ಪುತ್ತದೆ. ಎಂದರೆ 150 ಪಟ್ಟು. ಆಗ ಎಣ್ಣೆ ಜೋನಿಬೆಲ್ಲದಂತೆ ನಿಂತುಬಿಡುತ್ತದೆ. ಸುರುಳಿಯ ಒಳಪದರದಲ್ಲಿ ಹುಟ್ಟಿದ ಶಾಖ ರೇಡಿಯೇಟರ್‌ವರೆಗೆ ಹರಿದು ಹೋಗುವುದಿಲ್ಲ. ಹೊರಗೆ ಟ್ಯಾಂಕ್ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿರುವಾಗಲೇ ಒಳಗೆ ಕಾಗದದ ಹೊದಿಕೆ ಕರಕಲಾಗುತ್ತಿರಬಹುದು, ಮೇಲಿನ ಎಣ್ಣೆಯ ಉಷ್ಣತಾಮಾಪಕಕ್ಕೆ ಅದು ಗೊತ್ತಾಗುವುದೇ ಇಲ್ಲ. ಆದ್ದರಿಂದ ಕಡುಚಳಿಯಲ್ಲಿ ದೀರ್ಘಕಾಲ ನಿಂತ ಘಟಕವನ್ನು ಮೊದಲು ಭಾರವಿಲ್ಲದೆ ಎರಡು ಗಂಟೆಯಾದರೂ ಚಾಲನೆಯಲ್ಲಿಟ್ಟು, ತಿರುಳಿನ ನಷ್ಟದ ಶಾಖದಿಂದ ಎಣ್ಣೆ ಸಡಿಲಾದ ಮೇಲೆ ಮನೆಗಳಿಗೆ ವಿದ್ಯುತ್ ಒಯ್ಯುವ ಮಾರ್ಗಗಳನ್ನು (ಫೀಡರ್) ಒಂದೊಂದಾಗಿ ಸೇರಿಸಬೇಕು. ವಸತಿ ಸಂಕೀರ್ಣದ ಫಲಕವನ್ನು ಹೀಗೆ ಭಾಗ ಭಾಗವಾಗಿ ತೆರೆಯಲು ಬರುವಂತೆ ಈಗಲೇ ವಿನ್ಯಾಸ ಮಾಡಿಸಿ. ಲೋಹಕ್ಕೆ ಕೊಡುವ ಹೆಚ್ಚುವರಿ ಹಣಕ್ಕಿಂತ ಇದು ನಿಮ್ಮ ಸುರುಳಿಯನ್ನು ಹೆಚ್ಚು ಕಾಯುತ್ತದೆ.

ಎಣ್ಣೆಯ ದರ್ಜೆಯನ್ನು ಟೆಂಡರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 335ರ 1993ರ ಆವೃತ್ತಿಗೆ ಎಣ್ಣೆ ಮೈನಸ್ 6 ಡಿಗ್ರಿಯವರೆಗೆ ಹರಿದರೆ ಸಾಕಿತ್ತು, ಏಕೆಂದರೆ ದೇಶದ ಬಹುಭಾಗಕ್ಕೆ ಅದು ಸಾಲುತ್ತಿತ್ತು. 2018ರ ಪರಿಷ್ಕರಣೆ ಅಂತಾರಾಷ್ಟ್ರೀಯ ಮಾನದಂಡದ ದಾರಿ ಹಿಡಿದಿದೆ. ಆದರೂ ಹಳೆಯ ಕರಡನ್ನೇ ನಕಲು ಮಾಡಿದ ಟೆಂಡರುಗಳು ಇನ್ನೂ ಓಡಾಡುತ್ತಿವೆ. ನಿಮ್ಮದರಲ್ಲಿ, ಮೈನಸ್ 30 ಡಿಗ್ರಿಯಲ್ಲಿ ಚಾಲನೆ ಆರಂಭಿಸಬಲ್ಲ, ಮೈನಸ್ 40ರವರೆಗೆ ಹರಿಯುವ ಎಣ್ಣೆ ಎಂದು ಇರಲಿ. ಲೇಹ್‌ಗಿಂತಲೂ ಚಳಿಯ ದ್ರಾಸ್ ಕಡೆಯ ಕಾಮಗಾರಿಯಾದರೆ ಇನ್ನೂ ಹತ್ತು ಡಿಗ್ರಿ ಕೆಳಗಿನದನ್ನು ಕೇಳುತ್ತಿದ್ದೆ. ಎಣ್ಣೆ ಕುಗ್ಗುವುದನ್ನೂ ಮರೆಯಬೇಡಿ: 300 ಲೀಟರ್ ಎಣ್ಣೆ 80 ಡಿಗ್ರಿಯಿಂದ ಮೈನಸ್ 30ಕ್ಕೆ ಇಳಿದಾಗ ಸುಮಾರು 25 ಲೀಟರ್ ಕಡಿಮೆಯಾಗುತ್ತದೆ. ಎಣ್ಣೆ ಹಿಗ್ಗಿ ಕುಗ್ಗಲು ಟ್ಯಾಂಕಿನ ಮೇಲಿಟ್ಟ ಚಿಕ್ಕ ತೊಟ್ಟಿ, ಅಂದರೆ ಕನ್ಸರ್ವೇಟರ್, ಸಾಲದಷ್ಟು ಚಿಕ್ಕದಾಗಿದ್ದು, ಬೇಸಿಗೆಯಲ್ಲಿ ಮಟ್ಟ ನೋಡಿ ತುಂಬಿಸಿದ್ದರೆ, ಚಳಿಗಾಲದಲ್ಲಿ ಸುರುಳಿಯ ಮೇಲ್ತುದಿಯ ತಂತಿಗಳು ಎಣ್ಣೆಯಿಂದ ಹೊರಗುಳಿಯುವ ಅಪಾಯವಿದೆ. ಗ್ಯಾಸ್ಕೆಟ್‌ಗಳ ರಬ್ಬರು ತಣ್ಣಗಾಗಿ ಗಡುಸಾದರೆ ಎಣ್ಣೆ ಜಿನುಗುತ್ತದೆ, ಹಿಮದ ತೇವ ಒಳ ಸೇರುತ್ತದೆ. ಅವೂ ಅದೇ ತಗ್ಗಿನ ಉಷ್ಣತೆಗೆ ಒಪ್ಪುವ ದರ್ಜೆಯವಾಗಿರಬೇಕು.

ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ ಎಂಬುದು ಸುರುಳಿಯ ವಿಚಾರಕ್ಕೆ ಹೊರತಾದದ್ದಲ್ಲ. ತೆಳು ಗಾಳಿ ರೇಡಿಯೇಟರ್‌ನ ಶಾಖವನ್ನು ಸರಿಯಾಗಿ ಒಯ್ಯುವುದಿಲ್ಲ. 1,000 ಮೀಟರ್ ದಾಟಿದ ಮೇಲೆ ಪ್ರತಿ 400 ಮೀಟರಿಗೆ ಅನುಮತಿಸಿದ ಉಷ್ಣತೆಯ ಏರಿಕೆಯನ್ನು ಒಂದು ಡಿಗ್ರಿ ತಗ್ಗಿಸಬೇಕೆಂಬುದು ನಿಯಮ, ಅಂದರೆ ನಿಮ್ಮಲ್ಲಿ ಆರು ಡಿಗ್ರಿ. ಗಾಳಿಯ ಅವಾಹಕ ಶಕ್ತಿಯೂ ಕುಂದುವುದರಿಂದ ಹೊರಗಿನ ಅಂತರಗಳನ್ನು ಶೇಕಡಾ 25ರಷ್ಟು ಹೆಚ್ಚಿಸಬೇಕು. ಬುಷಿಂಗ್‌ಗಳನ್ನು ಒಂದು ದರ್ಜೆ ಮೇಲಿನದೇ ಕೇಳಿ.

ನನ್ನ ಅಭಿಪ್ರಾಯ ಹೀಗಿದೆ. ಕಂಬದ ಮೇಲಿನ 25 ಅಥವಾ 63 ಕೆವಿಎ ಘಟಕಗಳಾಗಿದ್ದರೆ, ಬೆಸುಗೆಯ ಜೋಡಣೆಗಳಿರುವ ಅಲ್ಯೂಮಿನಿಯಂ ಸುರುಳಿಯನ್ನು ಹಿಂಜರಿಯದೆ ಕೊಳ್ಳಿ ಎನ್ನುತ್ತಿದ್ದೆ. ನಿಮ್ಮದು 250 ಕೆವಿಎ. ಇಡೀ ಸಂಕೀರ್ಣಕ್ಕೆ ಒಂದೇ ಘಟಕ. ಹಿಮ ಬಿದ್ದು ದಾರಿ ಮುಚ್ಚಿದಾಗ ಅದನ್ನು ಕಳಚಿ ದುರಸ್ತಿಗೆ ಒಯ್ಯುವುದು ಅಸಾಧ್ಯ. ಇಂಥ ಕಡೆ ಶಾರ್ಟ್ ಸರ್ಕ್ಯೂಟಿನ ಹೆಚ್ಚಿನ ತಾಳಿಕೆಗಾಗಿ ಮತ್ತು ಒಳಗಿನ ಜೋಡಣೆಗಳ ಸರಳತೆಗಾಗಿ ತಾಮ್ರಕ್ಕೆ ಹೆಚ್ಚು ಹಣ ಕೊಡುವುದು ನ್ಯಾಯವೆಂದು ನನಗನಿಸುತ್ತದೆ. ಆದರೆ ತಾಮ್ರದ ದರಪಟ್ಟಿ ಕೊಟ್ಟವರು ಎಣ್ಣೆ, ಉಕ್ಕು, ಗ್ಯಾಸ್ಕೆಟ್‌ಗಳ ವಿಷಯದಲ್ಲಿ ಸುಮ್ಮನಿದ್ದು, ಅಲ್ಯೂಮಿನಿಯಂನವರು ಇವೆಲ್ಲಕ್ಕೂ ಲಿಖಿತ ಉತ್ತರ ಕೊಟ್ಟರೆ, ನಾನು ಅಲ್ಯೂಮಿನಿಯಂ ಅನ್ನೇ ಆರಿಸುತ್ತೇನೆ.

ಪ್ರಶ್ನೆ: ಕೆನಡಾದಲ್ಲಿ ನೆಲೆಸಿರುವ ನನಗೆ, ಮೈನಸ್ 40 ಡಿಗ್ರಿಯ ಚಳಿಯಲ್ಲೂ ಕಂಬಗಳ ಮೇಲಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ತುಂಬು ಭಾರ ಹೊತ್ತು ನಿಂತಿರುವುದು ಆಶ್ಚರ್ಯವೆನಿಸುತ್ತದೆ. ಅವಕ್ಕೆ ಚಳಿ ತೊಂದರೆಯೋ, ಅನುಕೂಲವೋ?

ಉತ್ತರ: ನಿರಂತರವಾಗಿ ಚಾಲನೆಯಲ್ಲಿರುವವರೆಗೆ ಅನುಕೂಲವೇ. ಕಾಗದದ ಹೊದಿಕೆಯ ಆಯುಷ್ಯವನ್ನು ನಿರ್ಧರಿಸುವುದು ಸುರುಳಿಯ ಅತಿ ಬಿಸಿಯಾದ ಬಿಂದುವಿನ ಉಷ್ಣತೆ. ಅದು ಆರು ಡಿಗ್ರಿ ಏರಿದರೆ ಕಾಗದ ಎರಡು ಪಟ್ಟು ವೇಗವಾಗಿ ಮುಪ್ಪಾಗುತ್ತದೆ ಎಂಬುದು ಸಾಮಾನ್ಯ ಕಾಗದಕ್ಕೆ ಬಳಸುವ ಸೂತ್ರ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ, ಅಷ್ಟೇ ಆಯುಷ್ಯದಲ್ಲಿ ಫಲಕದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಭಾರ ಹೊರಬಹುದು. ಸ್ವಾಭಾವಿಕವಾಗಿ ತಂಪಾಗುವ ವಿತರಣಾ ಘಟಕಗಳಿಗೆ ಮೈನಸ್ 25 ಡಿಗ್ರಿಯಲ್ಲಿ ಈ ಹೆಚ್ಚಳ ಮೂರರಲ್ಲೊಂದು ಪಾಲಿನಷ್ಟು ಇರುತ್ತದೆ. ಚಳಿಗಾಲದಲ್ಲೇ ಬೇಡಿಕೆ ಏರುವ ನಿಮ್ಮ ನಾಡಿಗೆ ಇದು ದೊಡ್ಡ ನೆರವು. ಉತ್ತರ ಅಮೆರಿಕದ ಇಂಥ ಘಟಕಗಳಲ್ಲಿ ಅಲ್ಯೂಮಿನಿಯಂ ಸುರುಳಿ ಬಹಳ ಕಾಲದಿಂದ ರೂಢಿಯಲ್ಲಿದೆ, ಕೆಳ ವೋಲ್ಟೇಜ್ ಕಡೆ ಹಾಳೆಯಂತೆ ಸುತ್ತಿದ ಪಟ್ಟಿಯೇ ಸಾಮಾನ್ಯ. ಅಲ್ಲಿಯೂ ತೊಡಕು ಬರುವುದು ದೀರ್ಘ ನಿಲುಗಡೆಯ ನಂತರ ಮತ್ತೆ ಭಾರ ಹೊರಿಸುವಾಗ.

ಪ್ರಶ್ನೆ: ಪರಿಸರಕ್ಕೆ ಒಳ್ಳೆಯದೆಂದು ಸಸ್ಯಜನ್ಯ ಎಣ್ಣೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ಹೊಗಳುತ್ತಾರೆ. ಹಿಮದ ನಾಡಿಗೆ ಅವು ಒಗ್ಗುತ್ತವೆಯೇ?

ಉತ್ತರ: ಬಯಲಿನಲ್ಲಿ ಇಡುವುದಾದರೆ ನಾನು ಸಲಹೆ ಮಾಡುವುದಿಲ್ಲ. ಬೆಂಕಿಯ ಭಯ ಕಡಿಮೆ, ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತದೆ, ಕಾಗದದ ತೇವವನ್ನು ಹೀರಿಕೊಂಡು ಅದರ ಆಯುಷ್ಯ ಹೆಚ್ಚಿಸುತ್ತದೆ ಎಂಬುದೆಲ್ಲ ನಿಜ. ಆದರೆ ಇಂಥ ಎಣ್ಣೆಗಳು ಸಾಮಾನ್ಯವಾಗಿ ಮೈನಸ್ 20 ಡಿಗ್ರಿಯ ಸುತ್ತಮುತ್ತ ಹರಿಯುವುದನ್ನು ನಿಲ್ಲಿಸುತ್ತವೆ. ಆ ಗುಣಗಳೇ ಬೇಕೆಂದಾದರೆ ಮೈನಸ್ 45ಕ್ಕಿಂತ ಕೆಳಗೂ ಹರಿಯುವ ಕೃತಕ ಎಸ್ಟರ್ ದ್ರವವಿದೆ, ಬೆಲೆ ಮಾತ್ರ ಹೆಚ್ಚು.

ಪ್ರಶ್ನೆ: ನಮ್ಮ ಮಡಿಕೇರಿಯ ಚಳಿಗೂ ಇವೆಲ್ಲ ಅನ್ವಯಿಸುತ್ತವೆಯೇ?

ಉತ್ತರ: ಇಲ್ಲ. ಅಲ್ಲಿನ ಚಳಿ ಯಾವ ದರ್ಜೆಯ ಎಣ್ಣೆಗೂ ಲೆಕ್ಕಕ್ಕಿಲ್ಲ. ನಮ್ಮ ಹಳ್ಳಿಗಳ ಟಿಸಿಗಳಲ್ಲಿ ಅಲ್ಯೂಮಿನಿಯಂ ಸುರುಳಿಯವು ಸಾಮಾನ್ಯ, ಮಲೆನಾಡಿನಲ್ಲೂ ಅವು ಚೆನ್ನಾಗಿಯೇ ದುಡಿಯುತ್ತವೆ. ನೀವು ಗಮನ ಕೊಡಬೇಕಾದದ್ದು ಸಿಡಿಲು ತಡೆಯುವ ಅರೆಸ್ಟರ್ ಮತ್ತು ಭೂಸಂಪರ್ಕಕ್ಕೆ, ಮಳೆಗಾಲದಲ್ಲಿ, ಒಳಸೇರುವ ಗಾಳಿಯ ತೇವ ಹೀರುವ ಬ್ರೀದರ್‌ನ ಸಿಲಿಕಾ ಜೆಲ್ ಬಣ್ಣ ಬದಲಿಸಿದೊಡನೆ ಅದನ್ನು ಹೊಸದಾಗಿಸುವುದಕ್ಕೆ.

ಪ್ರಶ್ನೆ: ತಾಮ್ರದ ಸುರುಳಿ ಎಂದು ಹಣ ಪಡೆದು ಅಲ್ಯೂಮಿನಿಯಂ ಸುರುಳಿ ಕೊಟ್ಟರೆ ಪತ್ತೆ ಹಚ್ಚುವುದು ಹೇಗೆ? ಟ್ಯಾಂಕ್ ತೆರೆಯದೆ ರೋಧ ಅಳೆದು ಹೇಳಬಹುದೇ?

ಉತ್ತರ: ಒಂದೇ ಉಷ್ಣತೆಯಲ್ಲಿ ಅಳೆದ ರೋಧದಿಂದ ಹೇಳಲು ಬಾರದು, ಏಕೆಂದರೆ ದಪ್ಪನೆಯ ಅಲ್ಯೂಮಿನಿಯಂ ಬಳಸಿ ತಾಮ್ರದಷ್ಟೇ ರೋಧ ತರಬಹುದು. ಬಿಸಿಯಾಗಿದ್ದಾಗ ಮತ್ತು ತಣ್ಣಗಿದ್ದಾಗ ಅಳೆದು ಅನುಪಾತ ನೋಡಬಹುದಲ್ಲ ಎಂದು ನೀವು ಕೇಳಬಹುದು. ಉಷ್ಣತೆಗೆ ಸರಿಹೊಂದಿಸುವ ಸೂತ್ರದಲ್ಲಿ ತಾಮ್ರಕ್ಕೆ 235, ಅಲ್ಯೂಮಿನಿಯಂಗೆ 225 ಎಂಬ ಸಂಖ್ಯೆಗಳಿವೆ. ಅದರ ಪ್ರಕಾರ 20ರಿಂದ 75 ಡಿಗ್ರಿಗೆ ಏರಿದಾಗ ತಾಮ್ರದ ರೋಧ 1.216 ಪಟ್ಟು, ಅಲ್ಯೂಮಿನಿಯಂನದು 1.224 ಪಟ್ಟು ಆಗುತ್ತದೆ. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ಸುರುಳಿಯ ಸರಾಸರಿ ಉಷ್ಣತೆಯನ್ನು ಅಷ್ಟು ನಿಖರವಾಗಿ ತಿಳಿಯುವುದು ಕಾರ್ಯಕ್ಷೇತ್ರದಲ್ಲಿ ಸಾಧ್ಯವಿಲ್ಲ, ಹೀಗಾಗಿ ಈ ಅಳತೆಯನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ.

ಸರಿಯಾದ ದಾರಿ ಎಂದರೆ ಸುರುಳಿಗಳನ್ನು ತಿರುಳಿನ ಮೇಲೆ ಕೂರಿಸಿ ಟ್ಯಾಂಕಿಗೆ ಇಳಿಸುವ ಮೊದಲೇ ಕಾರ್ಖಾನೆಗೆ ಹೋಗಿ ಪರಿಶೀಲಿಸುವುದು. ವಾಹಕದ ತುದಿಯ ಕಾಗದ ಸರಿಸಿ ಲೋಹವನ್ನು ನೋಡಿ, ಅಗಲ ದಪ್ಪಗಳನ್ನು ಅಳೆದು, ಅನುಮೋದಿತ ನಕ್ಷೆಯ ಜೊತೆ ಹೋಲಿಸಿ, ಘಟಕದ ಕ್ರಮಸಂಖ್ಯೆಯೊಡನೆ ಛಾಯಾಚಿತ್ರ ತೆಗೆದಿಡಿ. ವಾಹಕ ಯಾವ ಲೋಹದ್ದೆಂದು ಹೆಸರು ಫಲಕದ ಮೇಲೆ ಕೆತ್ತಿಸಬೇಕೆಂಬ ಷರತ್ತನ್ನು ಖರೀದಿ ಆದೇಶದಲ್ಲೇ ಸೇರಿಸಿ. ಮುಂದೆ ಆ ಊರಿಗೆ ವರ್ಗವಾಗಿ ಬರುವ ಎಂಜಿನಿಯರ್ ಕೊರೆಯುವ ಚಳಿಯಲ್ಲಿ ನಿಂತು ಸುರುಳಿಯ ರೋಧ ಅಳೆದು 75 ಡಿಗ್ರಿಗೆ ಸರಿಹೊಂದಿಸುವಾಗ, 235 ಹಾಕಬೇಕೋ 225 ಹಾಕಬೇಕೋ ಎಂಬುದನ್ನು ಆ ಫಲಕವೇ ಹೇಳಬೇಕು.